ಅರ್ಧ ಗುಳಿಗೆಯ ಲೆಕ್ಕ

ಮನೋರೋಗದ ಔಷಧವನ್ನು ಒಂದೇ ದಿನ ನಿಲ್ಲಿಸಿಬಿಡುವ ಕುಟುಂಬಗಳು ಕಡಿಮೆ. ಅದು ಮೆಲ್ಲಮೆಲ್ಲನೆ ಕರಗುತ್ತ ಹೋಗುತ್ತದೆ. ಬಳ್ಳಾರಿಗೋ ಕರ್ನೂಲಿಗೋ ಹೋಗಿ ತಂದ ಮೂವತ್ತು ದಿನಗಳ ಗುಳಿಗೆಯನ್ನು ನಲವತ್ತೈದು ದಿನಗಳಿಗೆ ಹಂಚುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ, ಬೆಳಿಗ್ಗೆ ಮಂಪರು ಇದ್ದರೆ ಕೂಲಿ ತಪ್ಪುತ್ತದೆಂದು ರಾತ್ರಿಯ ಗುಳಿಗೆಯನ್ನು ಎರಡು ತುಂಡು ಮಾಡುತ್ತಾರೆ. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ ನಡೆದುಕೊಳ್ಳುವವರು ಉಪವಾಸದ ದಿನಗಳಲ್ಲಿ ಅದನ್ನೂ ಬಿಡುತ್ತಾರೆ. ಮಗ ಸರಿಯಾಗಿ ಉಣ್ಣುತ್ತಿದ್ದಾನೆ, ಹೊಲಕ್ಕೆ ಹೋಗುತ್ತಿದ್ದಾನೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ನಿಂತಿದೆ. ಇನ್ನೇಕೆ ಇಷ್ಟು ಗುಳಿಗೆ ಎಂಬ ಮಾತು ಮನೆಯ ಹಿರಿಯರ ಬಾಯಿಂದ ಬರುತ್ತದೆ. ಕೋಸಗಿ, ಕೌತಾಳಂ, ಪೆದ್ದಕಡುಬೂರು, ಆದೋನಿ ಸೀಮೆಯ ಯಾವ ಮನೆಯಲ್ಲಾದರೂ ಕೇಳಬಹುದಾದ ಮಾತು ಇದು.

ಹೀಗೆ ಮಾಡುವವರನ್ನು ಅಲಕ್ಷ್ಯದವರೆಂದು ಕರೆಯುವುದು ಅನ್ಯಾಯವಾದೀತು. ಅವರು ಲೆಕ್ಕ ಹಾಕಿಯೇ ನಡೆಯುವವರು. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಔಷಧದ ಬೆಲೆ, ಅದು ತರುವ ತೂಕಡಿಕೆ ಎಲ್ಲವನ್ನೂ ತೂಗಿಯೇ ಗುಳಿಗೆಯನ್ನು ಮುರಿಯುತ್ತಾರೆ. ಆದರೆ ಆ ಲೆಕ್ಕದಲ್ಲಿ ಒಂದು ಅಂಶ ಸೇರಿರುವುದಿಲ್ಲ. ಔಷಧ ಕಡಿಮೆಯಾದ ನಷ್ಟವು ಕಡಿಮೆಯಾದ ದಿನ ಕಾಣಿಸುವುದಿಲ್ಲ. ತಡವಾಗಿ ಬರುತ್ತದೆ, ಬಂದರೆ ಎಷ್ಟೋ ಸಲ ಪೂರ್ತಿ ಹಿಂದಿರುಗಿ ಹೋಗುವುದಿಲ್ಲ.

ಸ್ಕಿಜೋಫ್ರೀನಿಯಾ ಎಂದು ವೈದ್ಯರು ಕರೆಯುವ ಚಿತ್ತವಿಕಲತೆಯಲ್ಲಿ ರೋಗಿಗೆ ಇಲ್ಲದ ಧ್ವನಿಗಳು ಕೇಳಿಸುತ್ತವೆ, ತನ್ನ ವಿರುದ್ಧ ಸಂಚು ನಡೆಯುತ್ತಿದೆ ಎಂಬ ಬಲವಾದ ನಂಬಿಕೆ ಹುಟ್ಟುತ್ತದೆ, ಮಾತು ಎಲ್ಲಿಂದೆಲ್ಲಿಗೋ ಹರಿಯುತ್ತದೆ. ಇದಕ್ಕೆ ಕೊಡುವ ಔಷಧಗಳಿಗೆ ಆಂಟಿಸೈಕೋಟಿಕ್ ಎಂದು ಹೆಸರು. ಇವುಗಳ ಚರಿತ್ರೆ ತೀರ ಹಳೆಯದಲ್ಲ. ನಮ್ಮ ದೇಶದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಉದ್ರೇಕದ ಉನ್ಮಾದಕ್ಕೆ ಸರ್ಪಗಂಧದ ಬೇರು ಉಪಯುಕ್ತವೆಂದು 1931ರಲ್ಲೇ ಬರೆದಿದ್ದರು. 1952ರಲ್ಲಿ ಪ್ಯಾರಿಸ್ಸಿನ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಕ್ಲೋರ್‌ಪ್ರೊಮಝೀನ್ ಎಂಬ ಔಷಧದ ಗುಣವನ್ನು ಪ್ರಕಟಿಸಿದ ಮೇಲೆ, ಎಷ್ಟೋ ಮಂದಿಯನ್ನು ಸರಪಳಿ ಮತ್ತು ಕತ್ತಲೆಕೋಣೆಗೆ ತಳ್ಳುತ್ತಿದ್ದ ರೋಗಕ್ಕೆ ಪರಿಣಾಮಕಾರಿ ಔಷಧ ದೊರಕಿತು. ಈಗ ಹೆಚ್ಚಾಗಿ ಬರೆಯುವ ರಿಸ್ಪೆರಿಡೋನ್, ಒಲಾಂಝಪೀನ್, ಹ್ಯಾಲೊಪೆರಿಡಾಲ್ ಮೊದಲಾದವು ಅದರ ನಂತರದವು.

ಈ ಔಷಧಗಳು ಮೆದುಳಿನಲ್ಲಿ ಡೊಪಮಿನ್ ಎಂಬ ರಾಸಾಯನಿಕದ ಅತಿಯಾದ ಸಂದೇಶವನ್ನು ತಡೆಯುತ್ತವೆ. ಆ ಸಂದೇಶವನ್ನು ಸ್ವೀಕರಿಸುವ ಗ್ರಾಹಿಗಳಲ್ಲಿ ಎಷ್ಟು ಭಾಗವನ್ನು ಔಷಧ ಆವರಿಸಿದರೆ ಗುಣ ಕಾಣುತ್ತದೆ ಎಂಬುದನ್ನು ಕೆನಡಾದ ಟೊರೊಂಟೊದಲ್ಲಿ 22 ರೋಗಿಗಳ ಮೆದುಳಿನ ಚಿತ್ರ ತೆಗೆದು ನೋಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಶೇ. 65ರಷ್ಟು ಆವರಿಸಿದಾಗ ಸುಧಾರಣೆಯ ಸಂಭವ ಹೆಚ್ಚುತ್ತದೆ, ಶೇ. 78 ದಾಟಿದರೆ ಕೈಕಾಲು ಬಿಗಿಯುವಂಥ ತೊಂದರೆಗಳು ಹೆಚ್ಚುತ್ತವೆ. ನಡುವಿನ ಹಾದಿ ಕಿರಿದು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ನಂಬಿ ಬೆಳೆಯಿಡುವ ನಮ್ಮ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯ ನೀರು ತೂಬಿನ ಮಟ್ಟಕ್ಕಿಂತ ಕೆಳಗಿಳಿದರೆ ಹೊಲಕ್ಕೆ ಅರ್ಧ ನೀರು ಬರುವುದಿಲ್ಲ, ನೀರೇ ಬರುವುದಿಲ್ಲ. ಮೆದುಳು ಕಾಲುವೆಯಷ್ಟು ಸರಳವಲ್ಲ, ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಅರ್ಧ ಗುಳಿಗೆಯಿಂದ ಅರ್ಧ ಗುಣ ಉಳಿಯುತ್ತದೆ ಎಂಬ ಎಣಿಕೆ ಏಕೆ ತಪ್ಪುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕಿಂತಲೂ ಹೆಚ್ಚು ಮೋಸಗೊಳಿಸುವುದು ಕಾಲದ ಅಂತರ. ಗುಳಿಗೆ ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ರೋಗಿ ಮೊದಲಿಗಿಂತ ಚುರುಕಾಗಿ ಕಾಣುವುದುಂಟು. ತೂಕಡಿಕೆ ಇಲ್ಲ, ಕೈ ನಡುಗುವುದಿಲ್ಲ, ಮುಖದಲ್ಲಿ ಕಳೆ ಬಂದಿದೆ. ಮನೆಯವರಿಗೆ ತಮ್ಮ ನಿರ್ಧಾರ ಸರಿಯೆನಿಸುತ್ತದೆ. ರೋಗ ಮರುಕಳಿಸುವುದು ಕೆಲವು ವಾರಗಳ, ಎಷ್ಟೋ ಸಲ ಕೆಲವು ತಿಂಗಳುಗಳ ಬಳಿಕ. ಅಷ್ಟರಲ್ಲಿ ಯುಗಾದಿ ಕಳೆದಿರುತ್ತದೆ, ಊರಲ್ಲೊಂದು ಸಾವಾಗಿರುತ್ತದೆ, ಅಣ್ಣತಮ್ಮಂದಿರ ನಡುವೆ ಜಗಳವಾಗಿರುತ್ತದೆ. ಕಾರಣ ಹುಡುಕುವಾಗ ಅವೇ ಕಣ್ಣಿಗೆ ಬೀಳುತ್ತವೆ. ಗಾಳಿ ಸೋಕಿತೆನ್ನುವವರೂ ಇರುತ್ತಾರೆ. ಮೂರು ತಿಂಗಳ ಹಿಂದೆ ಮುರಿದ ಗುಳಿಗೆ ಯಾರ ನೆನಪಿಗೂ ಬರುವುದಿಲ್ಲ.

ಅಂಕಿಸಂಖ್ಯೆಗಳು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇವೆ. ಹಲವು ದೇಶಗಳ 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಪ್ರಕಟಿಸಿದ ಸಮೀಕ್ಷೆಯಂತೆ, ಔಷಧ ಮುಂದುವರಿಸಿದವರಲ್ಲಿ ವರ್ಷದೊಳಗೆ ರೋಗ ಮರುಕಳಿಸಿದ್ದು ಶೇ. 27ರಷ್ಟು ಮಂದಿಗೆ, ಬಿಟ್ಟವರಲ್ಲಿ ಶೇ. 64 ಮಂದಿಗೆ. ಬಿಡದೆ ಕೇವಲ ಕಡಿಮೆ ಮಾಡಿದವರ ಕಥೆಯೇನು? 2021ರಲ್ಲಿ ಬಂದ ಇನ್ನೊಂದು ಸಮೀಕ್ಷೆ 24 ಪ್ರಯೋಗಗಳನ್ನು ಪರಿಶೀಲಿಸಿತು. ವಾಡಿಕೆಯ ಪ್ರಮಾಣದ ಅರ್ಧಕ್ಕಿಂತ ಮೇಲೆ, ಪೂರ್ಣಕ್ಕಿಂತ ಕೆಳಗೆ ತೆಗೆದುಕೊಂಡವರಲ್ಲಿ ಮರುಕಳಿಕೆಯ ಅಪಾಯ ಶೇ. 44ರಷ್ಟು ಹೆಚ್ಚು, ಅರ್ಧಕ್ಕಿಂತಲೂ ಕಡಿಮೆ ತೆಗೆದುಕೊಂಡವರಲ್ಲಿ ಶೇ. 72ರಷ್ಟು ಹೆಚ್ಚು.

ಮರುಕಳಿಸಿದರೆ ಮತ್ತೆ ಔಷಧ ಕೊಟ್ಟು ಸರಿಪಡಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಬಹಳ ಮಂದಿಯ ವಿಷಯದಲ್ಲಿ ಅದು ನಿಜವೂ ಹೌದು. ಎಲ್ಲರ ವಿಷಯದಲ್ಲಿ ಅಲ್ಲ. ನೆದರ್ಲೆಂಡ್ಸಿನಲ್ಲಿ 82 ಮಂದಿಯನ್ನು 15 ವರ್ಷ ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಂದು ಮರುಕಳಿಕೆಯ ಬಳಿಕವೂ ಆರರಲ್ಲಿ ಒಬ್ಬರು ಆ ಸಲದ ರೋಗದಿಂದ ಚೇತರಿಸಿಕೊಳ್ಳಲೇ ಇಲ್ಲ. ಹಾಂಗ್‌ಕಾಂಗಿನ ಪ್ರಯೋಗವಂತೂ ನಮ್ಮ ಮನೆಗಳ ಪ್ರಶ್ನೆಗೇ ಉತ್ತರ ಕೊಡುವಂತಿದೆ. ಮೊದಲ ಸಲ ರೋಗ ಬಂದು, ಔಷಧದಿಂದ ಕನಿಷ್ಠ ಒಂದು ವರ್ಷ ಚೆನ್ನಾಗಿದ್ದ 178 ಮಂದಿಯನ್ನು ಎರಡು ಸಮಭಾಗ ಮಾಡಿ, ಒಂದು ಗುಂಪಿಗೆ ಒಂದು ವರ್ಷ ಔಷಧ ಮುಂದುವರಿಸಿದರು. ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ವರ್ಷ ಕಳೆದ ಮೇಲೆ ಇಬ್ಬರಿಗೂ ಎಂದಿನ ಚಿಕಿತ್ಸೆ. 10 ವರ್ಷಗಳ ನಂತರ ಅವರನ್ನೆಲ್ಲ ಹುಡುಕಿ ನೋಡಿದಾಗ, ಔಷಧ ಮುಂದುವರಿಸಿದವರಲ್ಲಿ ಶೇ. 21 ಮಂದಿಯ ಸ್ಥಿತಿ ಕೆಟ್ಟದಾಗಿತ್ತು. ಹುಸಿ ಗುಳಿಗೆಯವರಲ್ಲಿ ಶೇ. 39 ಮಂದಿಯದು. ಕೆಟ್ಟ ಸ್ಥಿತಿ ಎಂದರೆ ಭ್ರಮೆಗಳು ಹೋಗದೆ ಉಳಿದಿರುವುದು, ಬೇರೆ ಔಷಧಗಳು ನಾಟದೆ ಕ್ಲೋಝಪೀನ್ ಬೇಕಾಗುವುದು, ಅಥವಾ ಆತ್ಮಹತ್ಯೆ. 2018ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ವ್ಯತ್ಯಾಸ ತಂದದ್ದು ಒಂದೇ ಒಂದು ವರ್ಷದ ಔಷಧ.

ಸಂಖ್ಯೆಗಳಲ್ಲಿ ಕಾಣದ ನಷ್ಟವೂ ಇದೆ. ಪ್ರತಿ ಮರುಕಳಿಕೆಯಲ್ಲೂ ಮನುಷ್ಯನ ಜೀವನದ ಕೆಲವು ತಿಂಗಳು ಹೋಗುತ್ತವೆ, ಮತ್ತು ಅವು ಹೋಗುವುದು ಹದಿನೆಂಟರಿಂದ ಮೂವತ್ತರ ನಡುವೆ. ಇಂಟರ್‌ಮೀಡಿಯೆಟ್ ಪರೀಕ್ಷೆ ತಪ್ಪುತ್ತದೆ, ಒಂದು ವರ್ಷ ತಡವಾಗಿ ಕಟ್ಟಿದ್ದೂ ತಪ್ಪುತ್ತದೆ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನನ್ನು ಮಾಲೀಕ ಮತ್ತೆ ಕರೆಯುವುದಿಲ್ಲ. ಕೂಗಾಟ ಅಡಗಿದ ಮೇಲೂ ಏನೋ ಒಂದು ಹಿಂದಿರುಗುವುದಿಲ್ಲ: ಉತ್ಸಾಹ, ಗೆಳೆಯರನ್ನು ಹುಡುಕಿಕೊಂಡು ಹೋಗುವ ಮನಸ್ಸು, ಕೈಗೆತ್ತಿಕೊಂಡ ಕೆಲಸವನ್ನು ಮುಗಿಸುವ ಶಕ್ತಿ. ಊರವರು ಅದನ್ನು ಸೋಮಾರಿತನವೆನ್ನುತ್ತಾರೆ. ಅದು ರೋಗದ ಭಾಗ.

ಹೆಣ್ಣುಮಕ್ಕಳ ಪಾಲಿಗೆ ಈ ಲೆಕ್ಕ ಇನ್ನೂ ಕಠೋರ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲಿ ಗುಳಿಗೆಯನ್ನು ಬಹಿರಂಗವಾಗಿ ನುಂಗುವಂತಿಲ್ಲ. ಟ್ರಂಕಿನ ತಳದಲ್ಲಿ ಬಚ್ಚಿಟ್ಟದ್ದು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಹೊರಬರುತ್ತದೆ, ಆಮೇಲೆ ಬರುವುದೇ ಇಲ್ಲ. ಬಸಿರಾದಾಗ ಕೂಸಿಗೆ ಕೆಡುಕಾದೀತೆಂಬ ಹೆದರಿಕೆಯಿಂದ ವೈದ್ಯರನ್ನು ಕೇಳದೆಯೇ ನಿಲ್ಲಿಸಿಬಿಡುವುದುಂಟು. ಹೆರಿಗೆಯ ನಂತರದ ನಿದ್ದೆಯಿಲ್ಲದ ವಾರಗಳು ಈ ರೋಗಕ್ಕೆ ಬಹಳ ಅಪಾಯದ ಕಾಲ. ರೋಗ ಹೊರಬಿದ್ದಾಗ, ಮೋಸಮಾಡಿದರೆಂಬ ಆರೋಪದೊಡನೆ ಆಕೆ ತವರಿಗೆ ಹಿಂದಿರುಗುತ್ತಾಳೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರು ಹೀಗೆ ದಾಂಪತ್ಯ ಮುರಿದುಬಿದ್ದ 76 ಮಹಿಳೆಯರ ಬದುಕನ್ನು ಅಭ್ಯಸಿಸಿ 2003ರಲ್ಲಿ ಬರೆದರು. ಅವರ ಭಾರ ಹೆಚ್ಚಾಗಿ ಬಿದ್ದಿದ್ದುದು ವಯಸ್ಸಾದ ತಂದೆತಾಯಿಗಳ ಮೇಲೆ. ಮದುವೆಗೆ ಮೊದಲೇ ವಿಷಯ ತಿಳಿಸಿದರೆ ಕೆಲವು ಸಂಬಂಧಗಳು ಕೂಡಿಬರಲಾರವು; ಕೂಡಿಬಂದ ಸಂಬಂಧದಲ್ಲಿ ಗುಳಿಗೆಗೆ ಕಪಾಟಿನಲ್ಲಿ ಜಾಗವಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಒಂದು ಕಡೆಯ ಮಾತಾದೀತು. ಗುಳಿಗೆಯನ್ನು ಮುರಿಯುವವರ ದೂರುಗಳು ಸುಳ್ಳಲ್ಲ. ಒಲಾಂಝಪೀನ್ ತೂಕ ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆಯ ಸಂಭವವನ್ನೂ ಹೆಚ್ಚಿಸುತ್ತದೆ. ಹ್ಯಾಲೊಪೆರಿಡಾಲ್ ಕೈಕಾಲುಗಳನ್ನು ಬಿಗಿಯುತ್ತದೆ. ಕ್ಲೋರ್‌ಪ್ರೊಮಝೀನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಕಂದುತ್ತದೆ. ಹೊಲದಲ್ಲಿ ದುಡಿಯುವವರಿಗೆ ಅದು ಸಣ್ಣ ತೊಂದರೆಯಲ್ಲ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ, ನಾಲಿಗೆಗಳು ತಾವಾಗಿಯೇ ಚಲಿಸುವ ತೊಂದರೆ ಉಂಟಾಗಿ ಉಳಿದುಬಿಡುತ್ತದೆ. ಅಮೆರಿಕದ ಅಯೋವಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೀರ್ಘವಾದ ಮರುಕಳಿಕೆಗಳಿಗೂ ಮೆದುಳಿನ ಅಂಗಾಂಶ ಕುಗ್ಗುವುದಕ್ಕೂ ಸಂಬಂಧವಿದೆ ಎಂದು ತೋರಿಸಿತು. ಹೆಚ್ಚು ಪ್ರಮಾಣದ ಔಷಧಕ್ಕೂ ಅಂಥದೇ ಸಂಬಂಧ ಕಂಡಿತು. ಆದ್ದರಿಂದಲೇ ರೋಗವನ್ನು ತಡೆಯಲು ಸಾಕಾಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ ಎಂಬುದೇ ಒಳ್ಳೆಯ ವೈದ್ಯರ ಗುರಿ.

ಕಡಿಮೆ ಮಾಡುವುದರಿಂದ ಒಳಿತಾಗಿರುವ ಉದಾಹರಣೆಯೂ ಇಲ್ಲದಿಲ್ಲ. ನೆದರ್ಲೆಂಡ್ಸಿನ ಮತ್ತೊಂದು ಅಧ್ಯಯನದಲ್ಲಿ, ರೋಗದ ಆರಂಭದಲ್ಲೇ ವೈದ್ಯರ ಕಣ್ಗಾವಲಿನಲ್ಲಿ ಔಷಧವನ್ನು ಇಳಿಸುತ್ತ ಬಂದವರಲ್ಲಿ 7 ವರ್ಷಗಳ ಬಳಿಕ ಶೇ. 40 ಮಂದಿ ಚೇತರಿಸಿಕೊಂಡಿದ್ದರು. ಎಂದಿನಂತೆ ಮುಂದುವರಿಸಿದವರಲ್ಲಿ ಶೇ. 18 ಮಂದಿ ಮಾತ್ರ. ಅದು 2013ರ ವರದಿ. ಆದರೆ 2023ರಲ್ಲಿ ಇಂಗ್ಲೆಂಡಿನಿಂದ ಬಂದ, 253 ಮಂದಿಯ ಪ್ರಯೋಗ ಬೇರೆ ಮಾತು ಹೇಳಿತು: ನಿಧಾನವಾಗಿ ಇಳಿಸಿದವರ ದೈನಂದಿನ ಬದುಕು ಎರಡು ವರ್ಷಗಳಲ್ಲಿ ಉತ್ತಮವಾಗಲಿಲ್ಲ, ತೀವ್ರ ಮರುಕಳಿಕೆ ಮಾತ್ರ ಹೆಚ್ಚಾಯಿತು. ವಾದ ಮುಗಿದಿಲ್ಲ. ಗಮನಿಸಬೇಕಾದದ್ದು ಇಷ್ಟು: ಆ ಎರಡೂ ಕಡೆ ಇಳಿಸಿದ್ದು ವೈದ್ಯರಿಗೆ ತಿಳಿದೇ, ಹಂತಹಂತವಾಗಿ, ಏರುಪೇರಾದರೆ ಮತ್ತೆ ಏರಿಸುವ ಸಿದ್ಧತೆಯೊಡನೆ. ಅಡುಗೆಮನೆಯಲ್ಲಿ ಚಾಕುವಿನಿಂದ ತುಂಡರಿಸಿದ ಗುಳಿಗೆಗೆ ಆ ಕಾವಲು ಇರುವುದಿಲ್ಲ. ‘ಬೆಳಿಗ್ಗೆ ಏಳಲಾಗುತ್ತಿಲ್ಲ, ಕೆಲಸ ಕೆಡುತ್ತಿದೆ’ ಎಂದು ವೈದ್ಯರಿಗೆ ಹೇಳಿದರೆ ಅವರು ಹೊತ್ತು ಬದಲಿಸಬಹುದು, ಔಷಧ ಬದಲಿಸಬಹುದು, ತಾವೇ ಕಡಿಮೆ ಮಾಡಬಹುದು. ಹೇಳದೆ ಮುರಿದರೆ, ಮುಂದಿನ ಭೇಟಿಯಲ್ಲಿ ಈ ಪ್ರಮಾಣ ಸಾಲುತ್ತಿಲ್ಲವೆಂದು ಭಾವಿಸಿ ಅವರು ಇನ್ನೂ ಹೆಚ್ಚು ಬರೆದುಕೊಡುವ ಸಂಭವವುಂಟು.

ವೈದ್ಯರು ಹತ್ತಿರದಲ್ಲಿರಬೇಕಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆಯ ಚರಿತ್ರೆ ವಿಚಿತ್ರವಾದದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಭಾಗ ಮೈಸೂರಿಗೆ ಹೋಯಿತು. ಆದೋನಿ ತಾಲ್ಲೂಕಿನೊಡನೆ ಕೋಸಗಿಯೂ ಇತ್ತ ಬಂತು. ಮೂರು ದಶಕಗಳ ಬಳಿಕ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮನೋರೋಗದ ಚಿಕಿತ್ಸೆಯನ್ನು ಇಡೀ ಒಂದು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸುವ ದೇಶದ ಮೊದಲ ಯತ್ನಕ್ಕೆ ಕೈಹಾಕಿದಾಗ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನೇ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು, ಹಳ್ಳಿಗಳಲ್ಲಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಿಗಳನ್ನು ಗುರುತಿಸಲು, ಔಷಧ ಬಿಟ್ಟವರನ್ನು ಮತ್ತೆ ಕರೆತರಲು ಕಲಿಸಿದರು, ಔಷಧವನ್ನು ಆ ಕೇಂದ್ರಗಳಲ್ಲೇ ಇರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ರಾಜ್ಯಗಳ ತಲಾ ಒಂದು ಜಿಲ್ಲೆಯಲ್ಲಿ ಆರಂಭವಾಯಿತು. ಆಂಧ್ರಪ್ರದೇಶದಲ್ಲಿ ಆಯ್ಕೆಯಾದದ್ದು ಈಗ ತೆಲಂಗಾಣದಲ್ಲಿರುವ ಮೇದಕ್. ಬಳ್ಳಾರಿಯ ಪ್ರಯೋಗ ಗಡಿಯ ಆಚೆ ನಿಂತಿತು. ಆಂಧ್ರದ ಮೊದಲ ಜಿಲ್ಲೆ ನಮಗೆ ದೂರವಾಯಿತು.

ಬಳ್ಳಾರಿಯ ಪಾಠ ಸುಳ್ಳಲ್ಲವೆಂಬುದಕ್ಕೆ ಕರ್ನಾಟಕದ ಮತ್ತೊಂದು ಮೂಲೆಯ ಸಾಕ್ಷ್ಯವಿದೆ. ತೀರ್ಥಹಳ್ಳಿ ತಾಲ್ಲೂಕಿನ ಚಿತ್ತವಿಕಲತೆಯ ರೋಗಿಗಳನ್ನು ನಿಮ್ಹಾನ್ಸ್ ತಜ್ಞರು ಅವರವರ ಊರುಗಳಲ್ಲೇ ಒಂದು ವರ್ಷ ಗಮನಿಸಿದರು. ಔಷಧವಿಲ್ಲದೆಯೇ ಉಳಿದವರ ಅಸಾಮರ್ಥ್ಯ ಇದ್ದಂತೆಯೇ ಇತ್ತು. ಔಷಧ ಮುಂದುವರಿಸಿದವರದೂ, ಹೊಸದಾಗಿ ಆರಂಭಿಸಿದವರದೂ ಕಡಿಮೆಯಾಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ನನಗೆ ಮುಖ್ಯವೆನಿಸುವುದು ಕೊನೆಯ ಗುಂಪು. ವರ್ಷಗಟ್ಟಲೆ ಔಷಧ ಕಾಣದೆ ಇದ್ದವರಿಗೂ ಪ್ರಯೋಜನವಾಯಿತು. ‘ಇಷ್ಟು ದಿನ ಬಿಟ್ಟಿದ್ದೇವೆ, ಇನ್ನೇನು’ ಎಂದು ಕೈಚೆಲ್ಲಿ ಕುಳಿತ ಮನೆಗಳು ಇದನ್ನು ತಿಳಿಯಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ರೋಗಗಳಿರುವ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಇರಲಿಲ್ಲ. ಸಮೀಕ್ಷೆಗೆ ಆಯ್ದ 12 ರಾಜ್ಯಗಳಲ್ಲಿ ಆಂಧ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ ಎಂಬುದು ಬೇರೆ ಮಾತು.

ನಮ್ಮಲ್ಲಿ ಔಷಧ ತಪ್ಪಿಸುವ ಇನ್ನೊಂದು ದೊಡ್ಡ ಕಾರಣ ವಲಸೆ. ಬೇರೆಡೆ ಸುಗ್ಗಿಯೆಂದರೆ ಮನೆಗೆ ಧಾನ್ಯ ಬರುವ ಕಾಲ. ನಮ್ಮ ಕಡೆ ಸುಗ್ಗಿಗೆ ಹೋದರು ಎಂದರೆ ಮನೆಗೆ ಬೀಗ ಹಾಕಿ ಕೂಲಿಗೆ ಹೋದರು ಎಂದರ್ಥ. ಗುಂಟೂರು ಸೀಮೆಯ ಮೆಣಸಿನಕಾಯಿ ಹೊಲಗಳಿಗೋ, ಬೆಂಗಳೂರು, ಹೈದರಾಬಾದಿನ ಕಟ್ಟಡಗಳಿಗೋ ಹೊರಡುವಾಗ ಪಾತ್ರೆ, ಹಾಸಿಗೆ, ಅಕ್ಕಿ ಎಲ್ಲ ಗಂಟಿನಲ್ಲಿ ಸೇರುತ್ತವೆ. ಗುಳಿಗೆ ಹದಿನೈದು ದಿನದ್ದಿರುತ್ತದೆ, ಕೆಲಸ ಮೂರು ತಿಂಗಳದ್ದು. ಹೊರಡುವ ಮೊದಲೇ ವೈದ್ಯರಿಗೆ ಎಷ್ಟು ದಿನದ ಪ್ರಯಾಣವೆಂದು ತಿಳಿಸಿದರೆ ಅಷ್ಟು ದಿನದ ಔಷಧವನ್ನು ಕೇಳಿ ಪಡೆಯಬಹುದು. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಫ್ಲೂಫೆನಝೀನ್‌ನಂಥ ಇಂಜೆಕ್ಷನ್‌ಗಳಿವೆ. ದಿನವೂ ನುಂಗಲಾಗದವರಿಗೆ ಅವು ಸರಿಹೊಂದುತ್ತವೆಯೇ ಎಂದು ವಿಚಾರಿಸಬೇಕು. ವೈದ್ಯರ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಬಹುದು.

ತಪ್ಪದೆ ನುಂಗುತ್ತಿದ್ದರೂ ಔಷಧ ಕಡಿಮೆಯಾಗುವ ಸಂದರ್ಭಗಳುಂಟು. ಬೀಡಿ, ಸಿಗರೇಟಿನ ಹೊಗೆ ಒಲಾಂಝಪೀನ್, ಕ್ಲೋಝಪೀನ್‌ಗಳನ್ನು ದೇಹ ಬೇಗ ಹೊರಹಾಕುವಂತೆ ಮಾಡುತ್ತದೆ. ಬೀಡಿ ಹೆಚ್ಚಾದರೂ ಒಮ್ಮೆಲೇ ಬಿಟ್ಟರೂ ವೈದ್ಯರಿಗೆ ಹೇಳಬೇಕು, ಏಕೆಂದರೆ ಬಿಟ್ಟಾಗ ಅದೇ ಪ್ರಮಾಣ ಅತಿಯಾಗಿಬಿಡಬಹುದು. ಕ್ಲೋಝಪೀನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನು ತಾವಾಗಿ ಮತ್ತೆ ನುಂಗಬಾರದು. ಕೆಳಗಿನಿಂದ ಪುನಃ ಏರಿಸಿಕೊಂಡು ಬರಬೇಕಾಗುತ್ತದೆ. ಬೇರೆ ಗುಳಿಗೆಗಳನ್ನಾಗಲಿ ಮರೆತ ದಿನದ ಬಾಬತ್ತೆಂದು ಮರುದಿನ ಎರಡು ನುಂಗುವುದು ಸರಿಯಲ್ಲ. ಇನ್ನೊಂದು ತಪ್ಪು ತಿಳಿವಳಿಕೆ: ಕೈಕಾಲಿನ ಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ನುಂಗಿದಾಗ ಮೈ ಹಗುರವಾಗುತ್ತದೆಂದು ಅದೊಂದನ್ನೇ ಉಳಿಸಿಕೊಂಡು ಮುಖ್ಯ ಔಷಧವನ್ನು ಬಿಡುವುದು. ಅದು ರೋಗಕ್ಕೆ ಮದ್ದಲ್ಲ. ಉಪವಾಸದ ದಿನ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಟ್ಟುಕೊಂಡರೆ ಉರುಕುಂದಕ್ಕಾಗಲಿ ಮಂತ್ರಾಲಯಕ್ಕಾಗಲಿ ನಡೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ರೋಗಿಯನ್ನು ಎಲ್ಲಿಯೇ ಆಗಲಿ ಸರಪಳಿಯಲ್ಲಿ ಕಟ್ಟುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ವೈದ್ಯರು ತೆಲುಗಿನಲ್ಲಿ ವಿವರಿಸುತ್ತಾರೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮನೆಯ ಮಾತು ಕನ್ನಡ. ಈ ಮೂರರ ನಡುವೆ ದುಭಾಷಿಯಾಗುವುದು ಬಹಳ ಸಲ ಏಳನೆಯದೋ ಎಂಟನೆಯದೋ ತರಗತಿಯ ಮಗು. ಚೀಟಿಯಲ್ಲಿ 0-0-1 ಎಂದಿದ್ದರೆ ಬೆಳಿಗ್ಗೆ ಬೇಡ, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಓದಿ ಹೇಳುವುದು ಮಗುವಿನಿಂದಾಗುವ ಕೆಲಸ. ಗುಳಿಗೆಯ ಹಾಳೆಯ ಮೇಲೆ ಕನ್ನಡದಲ್ಲಿ ‘ರಾತ್ರಿ’ ಎಂದು ಬರೆದಿಡಲೂಬಹುದು. ಆದರೆ ತಾಯಿ ಗುಳಿಗೆ ನುಂಗಿದಳೇ ಇಲ್ಲವೇ ಎಂದು ಕಾಯುವ ಹೊಣೆ ಆ ಮಗುವಿನದಾಗಬಾರದು. ಅದು ಮನೆಯ ಒಬ್ಬ ದೊಡ್ಡವರದಾಗಿರಲಿ. ತಾಯಿಯ ಅಥವಾ ಅಣ್ಣನ ರೋಗ ಮರುಕಳಿಸಿದ ವಾರಗಳಲ್ಲಿ ಮಗು ತರಗತಿಯಲ್ಲಿ ನಿದ್ದೆಮಾಡುತ್ತದೆ, ಮನೆಕೆಲಸ ಮಾಡಿಕೊಂಡು ಬರುವುದಿಲ್ಲ. ಶಿಕ್ಷಕರಿಗೆ ವಿಷಯ ಗೊತ್ತಿದ್ದರೆ ಗದರುವ ಮೊದಲು ಒಮ್ಮೆ ಯೋಚಿಸುತ್ತಾರೆ.

ರೋಗ ಮತ್ತೆ ಬರುವ ಮುನ್ನ ಸಾಮಾನ್ಯವಾಗಿ ಮೊದಲು ಕೆಡುವುದು ನಿದ್ದೆ. ಮೂರ್ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಅಂಗಳದಲ್ಲಿ ತಿರುಗುವುದು, ಊಟದ ಮೇಲೆ ಅನುಮಾನ, ಸ್ನಾನ ಬಿಡುವುದು, ಒಬ್ಬರೇ ನಗುವುದು ಕಂಡರೆ ಮುಂದಿನ ತಿಂಗಳ ಸರದಿಗೆ ಕಾಯದೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಹೋದಾಗ ಎಷ್ಟು ಗುಳಿಗೆ ತಪ್ಪಿದೆ ಎಂಬುದನ್ನು ಇದ್ದಂತೆಯೇ ಹೇಳಬೇಕು. ಹೋಗಲಾಗದ ರಾತ್ರಿಯಲ್ಲಿ 14416 ಸಂಖ್ಯೆಗೆ ಕರೆಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ ಅದು. ಹಗಲಿರುಳೂ ಇರುತ್ತದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬೇಕೆಂದು ಕೇಳಬಹುದು.